ರಿಕ್ ಆಂಕೀಲ್‌ನ ಎರಡು ಕಾರ್ಡು: ಇಲ್ಲಿ ಬೇಸ್‌ಬಾಲ್ ಕಾರ್ಡು ಕೂಡಿಡುವವರು ಇದ್ದೀರಾ?

ತೀರ್ಥಹಳ್ಳಿ_ಶ್ರೀಧರ (ಸೇಂಟ್ ಲೂಯಿಸ್)

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಂಚೆಚೀಟಿ, ಹಳೇ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವವರೇ ಜಾಸ್ತಿ. ಬೇಸ್‌ಬಾಲ್ ಕಾರ್ಡಿನ ಮಾತು ಯಾರೂ ಎತ್ತಿದ್ದು ನೋಡಿಲ್ಲ. ನಾನೇ ಶುರು ಮಾಡುತ್ತೇನೆ.

ಹೋದ ವಾರ ನೆಲಮಾಳಿಗೆ ಸ್ವಚ್ಛ ಮಾಡುವಾಗ ಹಳೇ ಆಲ್ಬಮ್ ಸಿಕ್ಕಿತು. ಮಗಳು ಪುಟ ತಿರುಗಿಸುತ್ತಾ ಕೂತಳು. ಎರಡು ಕಾರ್ಡು ಹೊರಗೆ ತೆಗೆದು, ಬೆನ್ನು ಮೇಲೆ ಮಾಡಿ ಪಕ್ಕಪಕ್ಕ ಇಟ್ಟಳು. "ಅಪ್ಪಾ, ಒಂದೇ ಹೆಸರಿನವರು ಇಬ್ಬರಿದ್ರಾ?" ಅಂತ ಕೇಳಿದಳು.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಒಂದು 2001ರ ಕಾರ್ಡು. ಅದರಲ್ಲಿ ರಿಕ್ ಆಂಕೀಲ್ ಪಿಚರ್, ಅಂದರೆ ನಮ್ಮ ಲೆಕ್ಕದಲ್ಲಿ ಬೌಲರ್. ಬೆನ್ನ ಮೇಲೆ 2000ದ ಸಾಲು: 11 ಗೆಲುವು, 7 ಸೋಲು, 194 ಸ್ಟ್ರೈಕೌಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದು, ಹೆಚ್ಚುಕಡಿಮೆ ನಮ್ಮ ಬೌಲ್ಡ್ ಹಾಗೆ). ಇನ್ನೊಂದು 2008ರದು. ಅದರಲ್ಲಿ ಅವನು ಔಟ್‌ಫೀಲ್ಡರ್, ಅಂದರೆ ಬೌಂಡರಿ ಕಡೆ ನಿಲ್ಲುವ ಫೀಲ್ಡರ್. 2007ರ ಸಾಲು: 47 ಆಟ, 11 ಹೋಂ ರನ್ (ನಮ್ಮ ಸಿಕ್ಸರ್ ಹಾಗೆ), ಬ್ಯಾಟಿಂಗ್ ಸರಾಸರಿ .285. ಒಂದು ಕಾರ್ಡಿನ ಕಾಲಂ ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಪಿಚರ್ ಕಾರ್ಡೇ ಬೇರೆ, ಬ್ಯಾಟರ್ ಕಾರ್ಡೇ ಬೇರೆ. ಒಬ್ಬನೇ ಮನುಷ್ಯ ಎರಡೂ ಥರದ ಕಾರ್ಡಿನಲ್ಲಿ ಬರುವುದು ಬಹಳ ಅಪರೂಪ.

ನಾನು ಇಲ್ಲಿಗೆ ಬಂದದ್ದು 1999ರಲ್ಲಿ, ವೈ2ಕೆ ಕೆಲಸಕ್ಕೆ. ಅದರ ಹಿಂದಿನ ವರ್ಷವಷ್ಟೇ ಮಾರ್ಕ್ ಮಗ್ವಾಯರ್ 70 ಹೋಂ ರನ್ ಹೊಡೆದಿದ್ದ. ಊರಿಗೆ ಊರೇ ಕಾರ್ಡಿನಲ್ಸ್ ತಂಡದ ಕೆಂಪು ಟೋಪಿ ಹಾಕಿಕೊಂಡಿತ್ತು. ನನಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಒಬ್ಬರು ಊಟದ ಹೊತ್ತಿನಲ್ಲಿ ಒಂದು ಕಾರ್ಡ್ ಪೊಟ್ಟಣ ಕೈಗಿಟ್ಟು, "ಒಡೆದು ನೋಡು, ಆಟ ತಾನಾಗೇ ಅರ್ಥವಾಗುತ್ತೆ" ಅಂದರು. ಅದರಲ್ಲಿ ಆಂಕೀಲ್ ಇದ್ದ. ಎಡಗೈ ಪಿಚರ್. ಆ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಪಂದ್ಯ ಆಡಿದ್ದ, ಇಪ್ಪತ್ತು ವರ್ಷದ ಹುಡುಗ. ಅವನೂ ಊರಿಗೆ ಹೊಸಬ, ನಾನೂ ಹೊಸಬ. ಅವನ ಕಾರ್ಡು ಎಲ್ಲಿ ಸಿಕ್ಕರೂ ತೆಗೆದುಕೊಳ್ಳುವುದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಇವನ ಕಥೆ ಯಾರಿಗಾದರೂ ಗೊತ್ತಾ?

ಮಲ್ಲೇಶ್ವರಂ_ಮಧು

ಸಾರ್, ನಾವು ಕ್ರಿಕೆಟ್ ಜನ. ಬೇಸ್‌ಬಾಲ್‌ನಲ್ಲಿ ಬೇಬ್ ರೂತ್ ಹೆಸರು ಬಿಟ್ಟರೆ ಏನೂ ಗೊತ್ತಿಲ್ಲ. ಬೌಲರ್ ಹೋಗಿ ಬ್ಯಾಟ್ಸ್‌ಮನ್ ಆಗಿದ್ದಕ್ಕೆ ಇಷ್ಟು ದೊಡ್ಡ ಮಾತಾ? ನಮ್ಮಲ್ಲಿ ರವಿ ಶಾಸ್ತ್ರಿ ಹತ್ತನೇ ನಂಬರಿನಿಂದ ಶುರು ಮಾಡಿ ಓಪನರ್ ಆದರಲ್ಲ. ಸ್ವಲ್ಪ ಬಿಡಿಸಿ ಹೇಳಿ.

ತೀರ್ಥಹಳ್ಳಿ_ಶ್ರೀಧರ

ಮಧು ಅವರೇ, ಶಾಸ್ತ್ರಿ ಓಪನರ್ ಆದ ಮೇಲೂ ಬೌಲಿಂಗ್ ಬಿಡಲಿಲ್ಲ. ಆಂಕೀಲ್ ಪಿಚಿಂಗ್ ಬಿಟ್ಟಿದ್ದು ಬೇಕು ಅಂತ ಅಲ್ಲ.

2000ದಲ್ಲಿ ಅವನು ಆಡಿದ ಆಟ ನೋಡಬೇಕಿತ್ತು. 175 ಇನಿಂಗ್ಸ್ (ಇಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್) ಎಸೆದು 194 ಜನರನ್ನು ಸ್ಟ್ರೈಕೌಟ್ ಮಾಡಿದ. ಅವನ ಕರ್ವ್ ಬಾಲ್ ಬ್ಯಾಟರ್‌ನ ಭುಜದ ಹತ್ತಿರ ಹೊರಟು ಮಂಡಿಯ ಹತ್ತಿರ ಬೀಳುತ್ತಿತ್ತು. ನ್ಯಾಷನಲ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿಯಲ್ಲಿ ಎರಡನೇ ಸ್ಥಾನ. ಊರಿನವರೆಲ್ಲ ಮುಂದಿನ ಹದಿನೈದು ವರ್ಷದ ಲೆಕ್ಕ ಹಾಕಿಬಿಟ್ಟಿದ್ದರು.

ಅಕ್ಟೋಬರ್ 3, 2000. ಪ್ಲೇಆಫ್‌ನ ಮೊದಲ ಪಂದ್ಯ, ಅಟ್ಲಾಂಟಾ ಬ್ರೇವ್ಸ್ ಎದುರು. ಎದುರಾಳಿ ಪಿಚರ್ ಗ್ರೆಗ್ ಮ್ಯಾಡಕ್ಸ್, ಆ ಕಾಲದ ದಿಗ್ಗಜ. ನಮ್ಮವರು ಮೊದಲ ಇನಿಂಗ್ಸ್‌ನಲ್ಲೇ 6 ರನ್ ಹೊಡೆದಿದ್ದರು. ಪಂದ್ಯ ಕೈಯಲ್ಲೇ ಇತ್ತು. ಮೂರನೇ ಇನಿಂಗ್ಸ್‌ನಲ್ಲಿ ಆಂಕೀಲ್ ಎಸೆದ ಒಂದು ಚೆಂಡು ಕ್ಯಾಚರ್‌ನ ಕೈ ತಪ್ಪಿಸಿಕೊಂಡು ಹಿಂದಕ್ಕೆ ಓಡಿತು. ಇದನ್ನು ವೈಲ್ಡ್ ಪಿಚ್ ಅನ್ನುತ್ತಾರೆ. ನಮ್ಮ ವೈಡ್ ಚೆಂಡು ಕೀಪರ್‌ಗೂ ಸಿಗದೆ ಹೋದ ಹಾಗೆ. ಬೇಸ್ ಮೇಲೆ ನಿಂತವರು ಓಡಿ ಮುಂದಿನ ಬೇಸ್ ಸೇರುತ್ತಾರೆ.

ಒಂದು ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಒಂದೇ ಇನಿಂಗ್ಸ್‌ನಲ್ಲಿ ಐದು ಆದವು. 1890ರ ನಂತರ ಯಾರೂ ಒಂದು ಇನಿಂಗ್ಸ್‌ನಲ್ಲಿ ಐದು ವೈಲ್ಡ್ ಪಿಚ್ ಎಸೆದಿರಲಿಲ್ಲ. ಕೋಚ್ ಟೋನಿ ಲಾ ರುಸ್ಸಾ ಬಂದು ಚೆಂಡು ವಾಪಸ್ ತೆಗೆದುಕೊಂಡರು. ಪಂದ್ಯ ಹೇಗೋ ಗೆದ್ದೆವು. ಆದರೆ ಟಿವಿಯಲ್ಲಿ ಕಂಡ ಅವನ ಮುಖ ನನಗೆ ಇವತ್ತಿಗೂ ನೆನಪಿದೆ. ತನ್ನ ಕೈಯನ್ನೇ ಮೊದಲ ಸಲ ನೋಡುವವನ ಹಾಗೆ ನೋಡಿಕೊಳ್ಳುತ್ತಿದ್ದ.

ಎಸೆಯುವ ಜಾಗದಿಂದ ಬ್ಯಾಟರ್ ನಿಲ್ಲುವ ಹೋಂ ಪ್ಲೇಟ್‌ಗೆ 60 ಅಡಿ 6 ಅಂಗುಲ. ನಮ್ಮ ಕ್ರಿಕೆಟ್ ಪಿಚ್‌ನ 66 ಅಡಿಗಿಂತಲೂ ಕಡಿಮೆ. ಹಿಂದಿನ ವಾರದವರೆಗೆ ಕಣ್ಣು ಮುಚ್ಚಿ ಎಸೆಯುತ್ತಿದ್ದ ದೂರ.

ಮುಂದಿನ ಸುತ್ತಿನಲ್ಲಿ ನ್ಯೂಯಾರ್ಕ್‌ನ ಮೆಟ್ಸ್ ತಂಡದ ಎದುರು ಮತ್ತೆ ಅದೇ. ಮೊದಲ ಇನಿಂಗ್ಸ್ ಕೂಡ ಮುಗಿಸಲಿಲ್ಲ. 2001ರಲ್ಲಿ 24 ಇನಿಂಗ್ಸ್‌ಗೆ 25 ವಾಕ್ (ನಾಲ್ಕು ಚೆಂಡು ಗುರಿ ತಪ್ಪಿದರೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟ. ಕೆಳಗಿನ ಹಂತದ ಮೆಂಫಿಸ್ ತಂಡಕ್ಕೆ ಕಳಿಸಿದರು. ಅಲ್ಲಿ ಇನ್ನೂ ಕೆಟ್ಟಿತು. ಕೊನೆಗೆ ಎಲ್ಲಕ್ಕಿಂತ ಕೆಳಗಿನ ಜಾನ್ಸನ್ ಸಿಟಿ ತಂಡಕ್ಕೆ ಹೋದ, ಟೆನೆಸ್ಸಿ ರಾಜ್ಯದ ಸಣ್ಣ ಊರು. ಆತಂಕ ತಡೆಯಲಾರದೆ ಆ ವರ್ಷ ವೋಡ್ಕಾ ಕುಡಿದು ಪಂದ್ಯಕ್ಕೆ ಇಳಿದಿದ್ದೆ ಅಂತ ಎಷ್ಟೋ ವರ್ಷದ ಮೇಲೆ ಅವನೇ ಹೇಳಿದ.

ಕುವೆಂಪುನಗರ_ಕಿಟ್ಟಿ (ಮೈಸೂರು)

ಶ್ರೀಧರಣ್ಣ, ಇದನ್ನು ಓದಿ ಸುಮ್ನೆ ಹೋಗಲು ಆಗಲಿಲ್ಲ. ಇದಕ್ಕೆ ಇಂಗ್ಲೆಂಡಿನಲ್ಲಿ "ಯಿಪ್ಸ್" ಅನ್ನುತ್ತಾರೆ. ನನಗೂ ಬಂದಿತ್ತು.

ನಾನು ಎಡಗೈ ಸ್ಪಿನ್ನರ್. ಮೈಸೂರಿನಲ್ಲಿ ಲೀಗ್ ಆಡುತ್ತಿದ್ದೆ. ಒಂದು ಭಾನುವಾರ ರನ್ ಅಪ್ ಮುಗಿಯಿತು, ಕೈ ಮೇಲೆ ಬಂತು, ಚೆಂಡು ಬಿಡಲಿಲ್ಲ. ಬೆರಳು ಬಿಡಲೇ ಇಲ್ಲ. ಬಿಟ್ಟಾಗ ಚೆಂಡು ನನ್ನ ಕಾಲ ಹತ್ತಿರ ಬಿತ್ತು. ಅಂಪೈರ್ ನಕ್ಕರು, ನಾನೂ ನಕ್ಕೆ. ಮುಂದಿನ ಚೆಂಡು ಬ್ಯಾಟ್ಸ್‌ಮನ್ ತಲೆಯ ಮೇಲೆ ಹೋಯಿತು. ಆಮೇಲೆ ಯಾರೂ ನಗಲಿಲ್ಲ.

ಮನೆಯ ಹಿತ್ತಲಲ್ಲಿ ಒಬ್ಬನೇ ಎಸೆದರೆ ಸರಿಯಾಗಿ ಬೀಳುತ್ತಿತ್ತು. ತಮ್ಮ ಬಂದು ಬಾಗಿಲಲ್ಲಿ ನಿಂತರೆ ಸಾಕು, ಕೆಡುತ್ತಿತ್ತು. "ಜಾಸ್ತಿ ಯೋಚನೆ ಮಾಡ್ಬೇಡ" ಅಂತ ಎಲ್ಲರೂ ಹೇಳುವುದು. ಯೋಚನೆ ಮಾಡಬೇಡ ಅಂದುಕೊಳ್ಳುವುದೂ ಒಂದು ಯೋಚನೆಯೇ ಅಲ್ವಾ? ಇಂಗ್ಲೆಂಡಿನ ಸರ್ರೆ ತಂಡದಲ್ಲಿ ಕೀತ್ ಮೆಡ್ಲಿಕಾಟ್ ಅಂತ ನನ್ನ ಥರದವನೇ ಒಬ್ಬ ಎಡಗೈ ಸ್ಪಿನ್ನರ್ ಇದ್ದ. ಅವನ ಆಟ ಇದೇ ಕಾರಣಕ್ಕೆ ಬೇಗ ಮುಗಿಯಿತು. ಆ ವಿಷಯ ಓದಿದ ದಿನ ನನಗೆ ಹುಚ್ಚಲ್ಲ ಅಂತ ಸಮಾಧಾನ ಆಯಿತು.

ನಾನು ಎರಡು ಸೀಸನ್ ಒದ್ದಾಡಿ ಬಿಟ್ಟುಬಿಟ್ಟೆ. ಆಂಕೀಲ್ ಹೇಗೆ ವಾಪಸ್ ಬಂದ, ಅದನ್ನು ಹೇಳಿ.

ತೀರ್ಥಹಳ್ಳಿ_ಶ್ರೀಧರ

ಕಿಟ್ಟಿ, ಇದನ್ನು ಇಷ್ಟು ಬಿಚ್ಚಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಮೆರಿಕದಲ್ಲಿ ಇದಕ್ಕೆ "ಸ್ಟೀವ್ ಬ್ಲಾಸ್ ಕಾಯಿಲೆ" ಅಂತಲೂ ಹೆಸರಿದೆ. ಬ್ಲಾಸ್ ಪಿಟ್ಸ್‌ಬರ್ಗ್ ತಂಡದ ಪಿಚರ್. 1971ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್, ಗೆಲ್ಲಿಸಿದವನು, ಎರಡು ವರ್ಷದಲ್ಲಿ ಚೆಂಡು ಎಲ್ಲಿ ಹೋಗುತ್ತದೆ ಅಂತ ಅವನಿಗೇ ಗೊತ್ತಾಗದ ಹಾಗೆ ಆಯಿತು.

ಆಂಕೀಲ್ ಒಂದೇ ಸಲ ವಾಪಸ್ ಬರಲಿಲ್ಲ. 2003ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು. 2004ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಲೀಗ್‌ಗೆ ಪಿಚರ್ ಆಗಿಯೇ ಬಂದ. 10 ಇನಿಂಗ್ಸ್, ಒಂದೇ ಒಂದು ವಾಕ್. ನಾವೆಲ್ಲ ಸರಿ ಹೋಯಿತು ಅಂದುಕೊಂಡೆವು. 2005ರ ಮಾರ್ಚ್‌ನಲ್ಲಿ, ಸೀಸನ್ ಶುರುವಾಗುವ ಮೊದಲೇ, ಇನ್ನು ಪಿಚ್ ಮಾಡುವುದಿಲ್ಲ, ಔಟ್‌ಫೀಲ್ಡರ್ ಆಗುತ್ತೇನೆ ಅಂತ ಹೇಳಿಬಿಟ್ಟ. 25 ವರ್ಷ ವಯಸ್ಸು. ಮತ್ತೆ ಕೆಳಗಿನ ಲೀಗಿನಿಂದ ಶುರು. ಆ ವರ್ಷ 21 ಹೋಂ ರನ್ ಹೊಡೆದ. 2006 ಪೂರ್ತಿ ಮಂಡಿ ನೋವಿನಲ್ಲಿ ಹೋಯಿತು. 2007ರಲ್ಲಿ ಮೆಂಫಿಸ್‌ನಲ್ಲಿ 32 ಹೋಂ ರನ್.

ಆಗಸ್ಟ್ 9, 2007. ಅವತ್ತು ಬೆಳಿಗ್ಗೆ ಸುದ್ದಿ ಗೊತ್ತಾಯಿತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬುಷ್ ಸ್ಟೇಡಿಯಂಗೆ ಹೋದೆ. ಎದುರಾಳಿ ಸ್ಯಾನ್ ಡಿಯಾಗೊ. ಅವನು ಮೊದಲ ಸಲ ಬ್ಯಾಟ್ ಹಿಡಿದು ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಔಟಾದ. ಆದರೂ ಜನ ಚಪ್ಪಾಳೆ ನಿಲ್ಲಿಸಲಿಲ್ಲ. ಏಳನೇ ಇನಿಂಗ್ಸ್‌ನಲ್ಲಿ ಡಗ್ ಬ್ರೋಕೇಲ್ ಎಸೆದ ಚೆಂಡನ್ನು ಬಲಗಡೆಯ ಗ್ಯಾಲರಿಗೆ ಕಳಿಸಿದ. ಮೂರು ರನ್. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ ಮೊಮ್ಮಗನನ್ನು ಎತ್ತಿ ಹಿಡಿದುಕೊಂಡು ಅಳುತ್ತಿದ್ದರು. ಯಾವತ್ತೂ ಗಂಟುಮುಖ ಹಾಕಿಕೊಂಡೇ ಇರುವ ಲಾ ರುಸ್ಸಾ ಅವತ್ತು ಬಾಯ್ತುಂಬ ನಗುತ್ತಾ ಚಪ್ಪಾಳೆ ಹೊಡೆಯುತ್ತಿದ್ದರು. ನನಗೆ ಗಂಟಲು ಕಟ್ಟಿತ್ತು.

ರಾತ್ರಿ ಮನೆಗೆ ಬಂದವನೇ ಆಲ್ಬಮ್ ತೆಗೆದೆ. 2001ರ ಕಾರ್ಡಿನ ಬೆನ್ನು ನೋಡಿದೆ. ಆಗ ಒಂದು ವಿಷಯ ಹೊಳೆಯಿತು. ಆಗೆಲ್ಲ ನ್ಯಾಷನಲ್ ಲೀಗ್‌ನಲ್ಲಿ ಪಿಚರ್ ಕೂಡ ಬ್ಯಾಟ್ ಮಾಡಬೇಕಿತ್ತು. 2022ರಿಂದ ಆ ಪದ್ಧತಿ ಇಲ್ಲ. 2000ದಲ್ಲಿ ಆಂಕೀಲ್ ಪಿಚರ್ ಆಗಿದ್ದುಕೊಂಡೇ 2 ಹೋಂ ರನ್ ಹೊಡೆದಿದ್ದ, ಸರಾಸರಿ .250. ಪಿಚರ್‌ಗೆ ಅದು ತುಂಬಾ ಒಳ್ಳೆಯ ಲೆಕ್ಕ. ಆದರೆ ಪಿಚರ್ ಕಾರ್ಡಿನ ಬೆನ್ನಲ್ಲಿ ಹೋಂ ರನ್‌ಗೆ ಕಾಲಂ ಇರುವುದಿಲ್ಲ. ಗೆಲುವು, ಸೋಲು, ಸ್ಟ್ರೈಕೌಟ್ ಅಷ್ಟೇ. ಜಾನ್ಸನ್ ಸಿಟಿಯಲ್ಲಿ, ಎಲ್ಲರೂ ಅವನು ಮುಗಿದ ಅಂದುಕೊಂಡಿದ್ದ ಬೇಸಿಗೆಯಲ್ಲಿ, ಪಿಚ್ ಮಾಡದ ದಿನ ಬ್ಯಾಟ್ ಹಿಡಿದು 10 ಹೋಂ ರನ್ ಹೊಡೆದಿದ್ದ. ಅದಕ್ಕೂ ಕಾಲಂ ಇಲ್ಲ. ಆರು ವರ್ಷ ಆ ಕಾರ್ಡು ನನ್ನ ಹತ್ತಿರವೇ ಇತ್ತು. ಮುಂದೆ ಅವನನ್ನು ವಾಪಸ್ ಕರೆತಂದ ಆಟ ಅದರಲ್ಲಿ ಬರೆದೇ ಇರಲಿಲ್ಲ.

ಕುವೆಂಪುನಗರ_ಕಿಟ್ಟಿ

ಇದನ್ನು ಎರಡು ಸಲ ಓದಿದೆ ಅಣ್ಣ.

ಗಾಂಧಿಬಜಾರ್_ಗೀತಾ

ಶ್ರೀಧರ್ ಅವರೇ, ನನ್ನದು ಕಾರ್ಡಿನ ಪ್ರಶ್ನೆ. ನಾವು ಚಿಕ್ಕವರಿದ್ದಾಗ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚೀಟಿ ಬರುತ್ತಿತ್ತು, ರನ್ನು ವಿಕೆಟ್ಟು ಬರೆದಿರುತ್ತಿತ್ತು. ಆಮೇಲೆ ಟ್ರಂಪ್ ಕಾರ್ಡು. ನನ್ನ ಹತ್ತಿರ ಒಂದು ಡಬ್ಬ ತುಂಬಾ ಇತ್ತು. ಗುಂಡಪ್ಪ ವಿಶ್ವನಾಥ್ ಕಾರ್ಡು ಕಳೆದು ಎರಡು ದಿನ ಊಟ ಬಿಟ್ಟಿದ್ದೆ. ಅವಕ್ಕೆ ಬೆಲೆ ಅಂತ ಇರಲಿಲ್ಲ. ಅಲ್ಲಿ ಕಾರ್ಡಿಗೆ ದುಡ್ಡಿದೆ ಅಂತ ಕೇಳಿದ್ದೇನೆ. ಆಂಕೀಲ್ ಕಾರ್ಡಿಗೆ ಏನಾಯಿತು?

ತೀರ್ಥಹಳ್ಳಿ_ಶ್ರೀಧರ

ಗೀತಾ ಮೇಡಂ, ದುಡ್ಡಿದೆ. 1952ರ ಟಾಪ್ಸ್ ಕಂಪನಿಯ ಮಿಕ್ಕಿ ಮ್ಯಾಂಟಲ್ ಕಾರ್ಡು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯಿತು. ಅದು ಬೇರೆ ಲೋಕ ಬಿಡಿ.

ನಮ್ಮಂಥವರ ಲೋಕದಲ್ಲಿ ಹೊಸ ಹುಡುಗರ ಮೊದಲ ಕಾರ್ಡಿಗೆ, ಅಂದರೆ ರೂಕಿ ಕಾರ್ಡಿಗೆ, ಬೆಲೆ. ಮುಂದೆ ದೊಡ್ಡವನಾಗುತ್ತಾನೆ ಅನ್ನುವ ನಂಬಿಕೆಯ ಮೇಲೆ ನಡೆಯುವ ವ್ಯಾಪಾರ ಅದು. 2000ದಲ್ಲಿ ಆಂಕೀಲ್ ಕಾರ್ಡು ಅಂಗಡಿಯಲ್ಲಿ ಗಾಜಿನ ಕಪಾಟಿನೊಳಗೆ ಇರುತ್ತಿತ್ತು. 2002ರ ಹೊತ್ತಿಗೆ ಅದೇ ಅಂಗಡಿಯಲ್ಲಿ ನೆಲದ ಮೇಲೆ ಇಟ್ಟ ರಟ್ಟಿನ ಡಬ್ಬದಲ್ಲಿ, ಯಾವುದು ತೆಗೆದುಕೊಂಡರೂ 25 ಸೆಂಟ್. ನಾನು ಮಂಡಿ ಊರಿ ಕೂತು ಒಂದೊಂದೇ ಕಾರ್ಡು ಸರಿಸುತ್ತಾ ಹುಡುಕುತ್ತಿದ್ದೆ. ಬೆರಳ ತುದಿ ಕಪ್ಪಾಗುತ್ತಿತ್ತು. ಕೆಲವು ಕಾರ್ಡಿನ ಮೂಲೆ ಮೆತ್ತಗಾಗಿ ಬತ್ತಿಯ ಹಾಗೆ ಬಿಟ್ಟುಕೊಂಡಿತ್ತು. ಒಂದರ ಮೇಲೆ ಯಾರೋ ಬಾಲ್ ಪೆನ್ನಿನಲ್ಲಿ ಅವನ ಮುಖಕ್ಕೆ ಅಡ್ಡಗೆರೆ ಎಳೆದಿದ್ದರು. ಅದನ್ನೂ ತೆಗೆದುಕೊಂಡೆ. ಅದು ಅಲ್ಲಿ ಬಿದ್ದಿರುವುದು ಬೇಡ ಅನ್ನಿಸಿತು.

ಅಂಗಡಿಯವರು "ಇವನನ್ನೇ ಯಾಕೆ ಆರಿಸ್ತೀಯಾ?" ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಆಟ ಕೆಟ್ಟಿತು ಅಂತ ಬಿಟ್ಟುಬಿಡುವುದಕ್ಕೆ ಮನಸ್ಸು ಬರಲಿಲ್ಲ, ಅಷ್ಟೇ. ನನ್ನ ಆಲ್ಬಮ್‌ನ ಒಂದೊಂದು ಹಾಳೆಯಲ್ಲಿ ಒಂಬತ್ತು ಜೇಬು. ಒಂದು ವರ್ಷಕ್ಕೆ ಒಂದು ಹಾಳೆ. 2005, 2006ರ ಹಾಳೆಗೆ ಹಾಕಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಳೆ ಕಿತ್ತು ಹಾಕದೆ ಖಾಲಿಯೇ ಬಿಟ್ಟೆ. ಈಗಲೂ ಖಾಲಿ ಇವೆ.

ಒಂದು ಸಲ ಮೋಸವೂ ಹೋದೆ. ಅವನ ಸಹಿ ಇರುವ ಕಾರ್ಡು ಅಂತ ಒಬ್ಬ ಮಾರಾಟಗಾರರಿಂದ 40 ಡಾಲರ್‌ಗೆ ಕೊಂಡೆ. ತಿಳಿದವರಿಗೆ ತೋರಿಸಿದರೆ ಸಹಿ ನಕಲಿ ಅಂದರು. ಅವತ್ತಿನಿಂದ ಸಹಿಯ ಕಾರ್ಡಾದರೆ ಕಂಪನಿಯೇ ಪೊಟ್ಟಣದಲ್ಲಿ ಹಾಕಿ ಬಿಟ್ಟದ್ದು ಮಾತ್ರ ಕೊಳ್ಳುತ್ತೇನೆ. ಅದರ ಬೆನ್ನ ಮೇಲೆ ಸಹಿ ಅಸಲಿ ಅಂತ ಕಂಪನಿಯೇ ಅಚ್ಚು ಹಾಕಿರುತ್ತದೆ.

ದಾವಣಗೆರೆ_ಬಸವರಾಜ

ಎಲ್ಲ ಸರಿ ಸಾರ್. ಆದರೆ ಒಂದು ವಿಷಯ ನೀವು ಬಿಟ್ಟಿದ್ದೀರಿ. 2007ರ ಸೆಪ್ಟೆಂಬರ್‌ನಲ್ಲಿ ಈ ಆಟಗಾರನ ಮೇಲೆ ಬೆಳವಣಿಗೆ ಹಾರ್ಮೋನ್ ತೆಗೆದುಕೊಂಡ ಸುದ್ದಿ ಬಂತಲ್ಲ? ಪುನರಾಗಮನ ಅಂತ ಕೊಂಡಾಡುವ ಮೊದಲು ಅದನ್ನೂ ಹೇಳಬೇಕು.

ತೀರ್ಥಹಳ್ಳಿ_ಶ್ರೀಧರ

ಹೇಳಬೇಕು, ನಿಮ್ಮ ಮಾತು ಸರಿ. ಸೆಪ್ಟೆಂಬರ್ 6ರಂದು ಪಿಟ್ಸ್‌ಬರ್ಗ್ ಎದುರು ಎರಡು ಹೋಂ ರನ್ ಹೊಡೆದು 7 ರನ್ ತಂದ. ಮರುದಿನವೇ ನ್ಯೂಯಾರ್ಕ್‌ನ ಪತ್ರಿಕೆಯಲ್ಲಿ ಆ ಸುದ್ದಿ. 2004ರಲ್ಲಿ ಅವನಿಗೆ ಎಚ್‌ಜಿಎಚ್ ಹಾರ್ಮೋನ್ ತಲುಪಿತ್ತು ಅಂತ. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಬರೆದುಕೊಟ್ಟ ಔಷಧ ಅದು ಅಂತ ಅವನು ಹೇಳಿದ. ಬೇಸ್‌ಬಾಲ್ ಆ ಹಾರ್ಮೋನನ್ನು ನಿಷೇಧಿಸಿದ್ದು 2005ರಲ್ಲಿ. ಲೀಗ್ ವಿಚಾರಿಸಿ, ನಿಯಮ ಮುರಿದದ್ದಕ್ಕೆ ಸಾಕ್ಷಿ ಇಲ್ಲ ಅಂತ ಬಿಟ್ಟಿತು.

ಅವತ್ತು ನನಗೆ ಬೇಜಾರಾಗಿತ್ತು. ಒಂದು ತಿಂಗಳು ಆಲ್ಬಮ್ ಮುಟ್ಟಲಿಲ್ಲ. ಸುದ್ದಿ ಬಂದ ಮೇಲೆ ಅವನ ಬ್ಯಾಟಿಂಗ್ ಕೂಡ ಕುಸಿಯಿತು. ಆದರೆ ನಿಯಮದಲ್ಲಿ ಇಲ್ಲದ ತಪ್ಪನ್ನು ಅವನ ಮೇಲೆ ಹೊರಿಸಲು ನನಗೆ ಆಗುವುದಿಲ್ಲ. ನೀವು ಬೇರೆ ಥರ ಯೋಚಿಸಿದರೆ ಅದನ್ನೂ ಒಪ್ಪುತ್ತೇನೆ. 2008ರಲ್ಲಿ 25 ಹೋಂ ರನ್ ಹೊಡೆದ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ದಾವಣಗೆರೆ_ಬಸವರಾಜ

ನನಗೆ ಪೂರ್ತಿ ಸಮಾಧಾನ ಇಲ್ಲ. ಆದರೆ ಮುಚ್ಚಿಡದೆ ಹೇಳಿದಿರಿ, ಅದು ಸಾಕು.

ಡೆನ್ವರ್_ಸುಮಾ

ಶ್ರೀಧರ್ ಅವರೇ, ನಾನು ನಮ್ಮೂರಿನ ಕೂರ್ಸ್ ಫೀಲ್ಡ್ ಸ್ಟೇಡಿಯಂನಲ್ಲಿ ಇವನನ್ನು ನೋಡಿದ್ದೇನೆ! ಮೇ 2008. ನಮ್ಮ ಯಜಮಾನರು ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದರು. ನಾವು ರಾಕೀಸ್ ತಂಡದ ಕಡೆ. ನಮ್ಮ ವಿಲ್ಲಿ ತವೆರಾಸ್ ಚೆಂಡು ಹೊಡೆದು ಮೂರನೇ ಬೇಸ್‌ಗೆ ಓಡುತ್ತಿದ್ದ. ಅವನು ತುಂಬಾ ವೇಗದ ಓಟಗಾರ. ಸೆಂಟರ್ ಫೀಲ್ಡ್‌ನ ತುದಿಯಿಂದ ಈ ಆಂಕೀಲ್ ಎಸೆದ ಚೆಂಡು ನೆಲ ಮುಟ್ಟದೆ ಸೀದಾ ಮೂರನೇ ಬೇಸ್‌ನ ಕೈಗವಸಿಗೆ ಬಂದು ಬಿತ್ತು. ಔಟ್. ಅದೇ ಪಂದ್ಯದ ಎಂಟನೇ ಇನಿಂಗ್ಸ್‌ನಲ್ಲಿ ಓಮರ್ ಕ್ವಿಂಟನಿಲ್ಲಾನನ್ನು ಮತ್ತೆ ಹಾಗೇ. ನಮ್ಮ ಕಡೆಯವರೇ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಇವನೇ ಚೆಂಡು ಎಸೆಯಲಾಗದೆ ಬಿಟ್ಟವನು ಅಂತ ನನಗೆ ಇವತ್ತು ನಿಮ್ಮಿಂದ ಗೊತ್ತಾಯಿತು.

ನಮ್ಮ ತಂಡದಲ್ಲೂ ಇಂಥ ಒಬ್ಬ ಇದ್ದ, ಡೇನಿಯಲ್ ಬಾರ್ಡ್. 2013ರ ನಂತರ ದೊಡ್ಡ ಲೀಗ್‌ನಲ್ಲಿ ಎಸೆದೇ ಇರಲಿಲ್ಲ. ಆಟ ಬಿಟ್ಟು, ಬೇರೆ ತಂಡದ ಹುಡುಗರಿಗೆ ಮನಸ್ಸಿನ ತಯಾರಿ ಹೇಳಿಕೊಡುವ ಕೆಲಸಕ್ಕೆ ಸೇರಿದ್ದ. 2020ರಲ್ಲಿ ಪಿಚರ್ ಆಗಿಯೇ ವಾಪಸ್ ಬಂದು ನ್ಯಾಷನಲ್ ಲೀಗ್‌ನ ಪುನರಾಗಮನ ಪ್ರಶಸ್ತಿ ಗೆದ್ದ.

ಕುವೆಂಪುನಗರ_ಕಿಟ್ಟಿ

ಸುಮಕ್ಕ, ಮೂರನೇ ಬೇಸ್‌ಗೆ ಎಸೆದ ವಿಷಯ ನನಗೆ ಚೆನ್ನಾಗಿ ಅರ್ಥ ಆಗುತ್ತೆ. ನನಗೂ ಬೌಂಡರಿಯಿಂದ ಕೀಪರ್‌ಗೆ ಎಸೆಯುವುದರಲ್ಲಿ ತೊಂದರೆ ಇರಲಿಲ್ಲ. ಅಲ್ಲಿ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಓಡು, ಎತ್ತು, ಎಸೆ. ಬೌಲಿಂಗ್ ಮಾಡುವಾಗ ಎಲ್ಲರೂ ನಿನಗಾಗಿ ಕಾಯುತ್ತಾ ನಿಂತಿರುತ್ತಾರೆ. ಆ ಕಾಯುವುದೇ ಕೊಲ್ಲುವುದು.

ತೀರ್ಥಹಳ್ಳಿ_ಶ್ರೀಧರ

ಸುಮಾ ಅವರೇ, ಆ ಪಂದ್ಯ ನೋಡಿದವರು ಇಲ್ಲಿ ಸಿಗುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಟಿಕೆಟ್ ತುಂಡು ಇದ್ದರೆ ಎಸೆಯಬೇಡಿ!

ಇನ್ನೊಂದು ಪಂದ್ಯದ ಮಾತು ಹೇಳಲೇಬೇಕು. 2010ರಲ್ಲಿ ಅವನು ಕಾನ್ಸಾಸ್ ಸಿಟಿಯಿಂದ ಅಟ್ಲಾಂಟಾ ಬ್ರೇವ್ಸ್‌ಗೆ ಹೋದ. ಹೌದು, 2000ದಲ್ಲಿ ಯಾರ ಎದುರು ಎಲ್ಲ ಕೆಟ್ಟಿತೋ ಅದೇ ಬ್ರೇವ್ಸ್. ಅಕ್ಟೋಬರ್ 8, 2010, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ಲೇಆಫ್ ಪಂದ್ಯ. ಹನ್ನೊಂದನೇ ಇನಿಂಗ್ಸ್, ಸಮಸಮ. ರಮೋನ್ ರಮಿರೆಸ್ ಎಸೆದ ಚೆಂಡನ್ನು ಆಂಕೀಲ್ ಸ್ಟೇಡಿಯಂ ದಾಟಿಸಿ ಸಮುದ್ರದ ಕೊಲ್ಲಿಗೆ ಹೊಡೆದ. ಅದೇ ರನ್ನಿಂದ ಬ್ರೇವ್ಸ್ ಗೆದ್ದಿತು. ಹತ್ತು ವರ್ಷ, ಐದು ದಿನ. ನಾನು ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿದ್ದೆ. ಪ್ಲೇಆಫ್ ಪಂದ್ಯವನ್ನು ಪಿಚರ್ ಆಗಿ ಶುರು ಮಾಡಿ, ಆಮೇಲೆ ಪಿಚರ್ ಅಲ್ಲದ ಜಾಗದಲ್ಲಿ ಆಡಿ ಪ್ಲೇಆಫ್ ಹೋಂ ರನ್ ಹೊಡೆದವರಲ್ಲಿ ಅವನಿಗಿಂತ ಮೊದಲು ಇದ್ದದ್ದು ಬೇಬ್ ರೂತ್ ಒಬ್ಬರೇ. ಮಧು ಅವರೇ, ನಿಮಗೆ ಗೊತ್ತಿದ್ದ ಆ ಒಂದೇ ಹೆಸರು.

2014ರಲ್ಲಿ ಆಟ ಬಿಟ್ಟ. ಒಟ್ಟು ಪಿಚರ್ ಆಗಿ 13 ಗೆಲುವು, 76 ಹೋಂ ರನ್. 2018ರಲ್ಲಿ, 39ರ ವಯಸ್ಸಿನಲ್ಲಿ, ಮತ್ತೆ ಪಿಚ್ ಮಾಡಲು ಪ್ರಯತ್ನಿಸಿದ. ಮೊಣಕೈ ಒಪ್ಪಲಿಲ್ಲ.

ಮಂಗಳೂರು_ಶೆಟ್ಟಿ

ಮಾರಾಯ್ರೆ, ಒಂದು ಸಣ್ಣ ಪ್ರಶ್ನೆ. ಮಗ ಅಮೆರಿಕದಿಂದ ಕೆಲವು ಕಾರ್ಡು ತಂದಿದ್ದಾನೆ. ಇಲ್ಲಿಯ ಮಳೆಗಾಲದಲ್ಲಿ ಎಲ್ಲ ಬಾಗಿ ಕೂತಿವೆ. ಏನು ಮಾಡುವುದು?

ತೀರ್ಥಹಳ್ಳಿ_ಶ್ರೀಧರ

ಶೆಟ್ರೇ, ಮೊದಲು ತೆಳು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಟಾಪ್‌ಲೋಡರ್, ಅಂದರೆ ಮೇಲಿನಿಂದ ಕಾರ್ಡು ಇಳಿಸುವ ಗಟ್ಟಿ ಪ್ಲಾಸ್ಟಿಕ್ ಕವಚ. ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಆಲ್ಬಮ್ ಹಾಳೆಯಾದರೆ ಪಿವಿಸಿ ಇಲ್ಲದ್ದೇ ಆಗಬೇಕು. ಪಿವಿಸಿ ಹಾಳೆ ವರ್ಷ ಕಳೆದಂತೆ ಕಾರ್ಡಿಗೆ ಅಂಟಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ಬಾಗಿದ್ದನ್ನು ಇಸ್ತ್ರಿ ಮಾಡಲು ಹೋಗಬೇಡಿ, ದಪ್ಪ ಪುಸ್ತಕದ ಕೆಳಗೆ ಕೆಲವು ವಾರ ಇಡಿ.

ಗಾಂಧಿಬಜಾರ್_ಗೀತಾ

ಮಗಳಿಗೆ ಏನು ಉತ್ತರ ಹೇಳಿದಿರಿ?

ತೀರ್ಥಹಳ್ಳಿ_ಶ್ರೀಧರ

ಇಲ್ಲಿ ಬರೆದದ್ದನ್ನೇ ಹೇಳಿದೆ ಮೇಡಂ, ಇನ್ನೂ ಉದ್ದವಾಗಿ. ಅವಳಿಗೆ ಈ ಸಲ ಶಾಲೆಯ ವಯಲಿನ್ ಪರೀಕ್ಷೆಯಲ್ಲಿ ಕೈ ನಡುಗಿತ್ತು. ಅದರ ಮಾತು ನಾವಿಬ್ಬರೂ ಎತ್ತಲಿಲ್ಲ. ಐದು ವೈಲ್ಡ್ ಪಿಚ್ ಆದಮೇಲೆ ಅವನು ಡ್ರೆಸ್ಸಿಂಗ್ ರೂಮಿನಲ್ಲಿ ಯಾರ ಪಕ್ಕ ಕೂತಿದ್ದ ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಖಾಲಿ ಹಾಳೆ ನೋಡಿ, "ಇದನ್ನು ಹೀಗೇ ಇಡೋಣ" ಅಂದಳು.

ಕುವೆಂಪುನಗರ_ಕಿಟ್ಟಿ

ಶ್ರೀಧರಣ್ಣ, ಒಂದು ಕೇಳಲಾ? ನಿಮ್ಮ ಹತ್ತಿರ 2008ರ ಕಾರ್ಡು ಎರಡೆರಡು ಇದ್ದರೆ ಒಂದು ಕಳಿಸಿಕೊಡುತ್ತೀರಾ? ದುಡ್ಡು ಎಷ್ಟಾದರೂ ಕೊಡುತ್ತೇನೆ. ನಮ್ಮ ಅಕ್ಕ ಶಿಕಾಗೊದಲ್ಲಿದ್ದಾಳೆ, ಡಿಸೆಂಬರ್‌ಗೆ ಊರಿಗೆ ಬರುತ್ತಾಳೆ.

ತೀರ್ಥಹಳ್ಳಿ_ಶ್ರೀಧರ

ದುಡ್ಡಿನ ಮಾತು ಬೇಡ ಕಿಟ್ಟಿ. ಅಕ್ಕನ ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿ, ಇಲ್ಲಿ ಹಾಕಬೇಡಿ. 2008ರದು ನನ್ನ ಹತ್ತಿರ ನಾಲ್ಕಿವೆ, 2001ರದು ಆರು. ಎರಡನ್ನೂ ಒಂದೇ ಟಾಪ್‌ಲೋಡರ್‌ನಲ್ಲಿ ಬೆನ್ನಿಗೆ ಬೆನ್ನು ಇಟ್ಟು ಕಳಿಸುತ್ತೇನೆ. ಬಿಡಿಯಾಗಿ ಒಂದನ್ನೇ ಕೊಡಲು ನನಗೆ ಮನಸ್ಸಿಲ್ಲ.